ಗೂಡ್ಸ್ ರೈಲು ಅಡ್ಡ ನಿಂತ ಬೆಳಿಗ್ಗೆ

ನನ್ನ ಮೊಮ್ಮಗಳು ನಿನ್ನೆ ಮೊದಲ ಸಲ ಗಟ್ಟಿಯಾಗಿ ನಕ್ಕಳು. ಹಲ್ಲಿಲ್ಲದ ಬಾಯಿ ಅಗಲಿಸಿ, ಇಡೀ ಮೈ ಕುಲುಕಿಸಿ ನಕ್ಕಳು. ಒಲೆಯ ಮೇಲಿನ ಗಂಜಿ ತಳ ಹಿಡಿಯಿತು, ಹಿಡಿಯಲಿ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಬೇಕು ಅನಿಸುತ್ತದೆ ನನಗೆ. ಆದರೆ ಅವಳು ಹುಟ್ಟಿದ ದಿನವನ್ನು ನಾನು ಇನ್ನೂ ಮರೆತಿಲ್ಲ.

ನಮ್ಮ ಮನೆ ಬೋಟುಗಳು ಮೀನು ಇಳಿಸುವ ಧಕ್ಕೆಯ ಹತ್ತಿರ. ನಮಗೂ ಪೇಟೆಗೂ ನಡುವೆ ರೈಲ್ವೆ ಗೇಟು. ಆಸ್ಪತ್ರೆ, ಮಾರ್ಕೆಟು ಎಲ್ಲ ಆಚೆ. ಗೂಡ್ಸ್ ರೈಲು ಅಡ್ಡ ನಿಂತರೆ ಅದು ಹೊರಡುವ ತನಕ ಎಲ್ಲರೂ ಕಾಯಬೇಕು. ಮೀನು ಮಾರುವ ನಾವು ಹೆಂಗಸರು ಮಾತ್ರ ಕಾಯುತ್ತಿರಲಿಲ್ಲ. ಐಸ್ ಕರಗಿದ ಬಂಗುಡೆಯನ್ನು ಯಾರು ಕೊಳ್ಳುತ್ತಾರೆ? ಒಬ್ಬಳು ವ್ಯಾಗನ್ ಅಡಿಯಲ್ಲಿ ನುಸುಳಿ ಆಚೆ ಹೋಗುವುದು, ಈಚೆಯವಳು ಬುಟ್ಟಿಗಳನ್ನು ತಳ್ಳುವುದು, ಮತ್ತೊಬ್ಬಳು ಇಂಜಿನ್ ಕಡೆಗೆ ಕಿವಿಕೊಟ್ಟು ಕಾವಲು ನಿಲ್ಲುವುದು, ಇದು ನಮ್ಮ ಕ್ರಮ. ಡೀಸೆಲ್ ಇಂಜಿನ್ ಹೊರಡುವ ಮೊದಲು ಗುಡುಗುತ್ತಿತ್ತು. ಅದು ಕೇಳಿದ ಕೂಡಲೇ ಕಾವಲಿನವಳು ಕೂಗುತ್ತಿದ್ದಳು.

ಆಮೇಲೆ ಹಳಿಯ ಮೇಲೆ ತಂತಿ ಬಂತು, ಕರೆಂಟಿನ ಇಂಜಿನ್ ಬಂತು. ಅದು ಗುಡುಗುವುದಿಲ್ಲ. ನಮ್ಮ ಕಿವಿಗೆ ಮಾತ್ರ ಹಳೆಯ ಅಭ್ಯಾಸ. ಪಕ್ಕದ ಮನೆಯ ಅಕ್ಕ ಒಂದು ದಿನ ನುಸುಳುವಾಗ ಚಕ್ರ ಉರುಳಿತು. ಕಾವಲಿದ್ದವಳಿಗೆ ಏನೂ ಕೇಳಿಸಿರಲಿಲ್ಲ. ಅಕ್ಕನ ಒಂದು ಕಾಲು ಮೊಣಕಾಲಿನ ಕೆಳಗೆ ತುಂಡಾಗಿ ಹೋಯಿತು. ನಂತರ ಕಂಬಕ್ಕೆ ಕ್ಯಾಮೆರಾ ಹಾಕಿದರು. ನುಸುಳುವವರನ್ನು ಅದು ನೋಡುತ್ತದಂತೆ. ರೈಲು ಎಷ್ಟು ಹೊತ್ತು ಅಡ್ಡ ನಿಂತಿದೆ ಎಂದು ನೋಡುವವರು ಯಾರೋ, ನನಗೆ ಗೊತ್ತಿಲ್ಲ.

ಆ ದಿನ ಬೆಳಿಗ್ಗೆ ಮಗಳಿಗೆ ನೋವು ಶುರುವಾಯಿತು. ಅಳಿಯ ಬೋಟಿನಲ್ಲಿ ಕಡಲಿಗೆ ಹೋಗಿದ್ದ. ರಿಕ್ಷಾ ಮಾಡಿ ಹೊರಟೆವು. ಗೇಟಿಗೆ ಬರುವಾಗ ಗೂಡ್ಸ್ ನಿಂತಿತ್ತು. ತಿರುಗಿಸೋಣ ಎಂದರೆ ಹಿಂದೆ ಮೀನಿನ ಲಾರಿಗಳು.

"ಎಷ್ಟು ಹೊತ್ತು ಮಾರಾಯ್ರೇ?" ಎಂದು ರಿಕ್ಷಾದವ ಗೇಟಿನವನನ್ನು ಕೇಳಿದ.

"ಸಿಗ್ನಲ್ ಸಿಗ್ಲಿಲ್ಲಂತೆ. ನಾನು ಎಂತ ಮಾಡುದು?"

"ಹೆರಿಗೆ ಕೇಸು ಉಂಟು ಅಂತ ಫೋನಲ್ಲಿ ಹೇಳಿದ್ರಾ?"

"ಹೇಳಿದೆ. ರೈಲನ್ನು ನಾನು ದೂಡ್ಲಿಕ್ಕೆ ಆಗ್ತದಾ?"

ಮಗಳು ರಿಕ್ಷಾದಿಂದ ಇಳಿದಳು. ನೈಟಿ ಒದ್ದೆಯಾಗಿತ್ತು. "ಅಮ್ಮಾ, ಅಡಿಯಲ್ಲಿ ಹೋಗುವ. ಆಚೆ ರಿಕ್ಷಾ ಉಂಟು. ನೀನು ಇಷ್ಟು ವರ್ಷ ಹೋಗ್ಲಿಲ್ವಾ?"

ಆಚೆಯ ರಿಕ್ಷಾದ ಮುಂದಿನ ಚಕ್ರ ವ್ಯಾಗನ್ ಅಡಿಯಿಂದ ಕಾಣುತ್ತಿತ್ತು. ನನ್ನ ಸೊಂಟ ತಾನಾಗಿಯೇ ಬಗ್ಗಿತು. ಇಂಜಿನ್ ಕಡೆಗೆ ಕಿವಿಕೊಟ್ಟೆ. ಏನೂ ಕೇಳಿಸಲಿಲ್ಲ, ಅದೇ ನನ್ನನ್ನು ಹೆದರಿಸಿತು. ಮಗಳ ಎರಡೂ ರಟ್ಟೆ ಹಿಡಿದುಕೊಂಡೆ.

"ಬಿಡು ಅಮ್ಮಾ! ಮಗು ಸಾಯ್ತದೆ!"

"ಬೈ, ಹೊಡಿ. ನಾನು ಬಿಡುದಿಲ್ಲ."

ಅವಳು ನನ್ನ ಕೈ ಕಚ್ಚಿದಳು. ಮೀನಿನ ಹೆಂಗಸರು ಬುಟ್ಟಿ ಇಳಿಸಿ ಸುತ್ತ ನಿಂತರು. "ಈಗ ತಿಣುಕಬೇಡ ಮಗಾ, ಬಾಯಲ್ಲಿ ಉಸಿರು ಬಿಡು" ಎಂದಳು ಒಬ್ಬಳು. "ಆ ರೈಲಿಗೆ ಹೇಳು ಮಾರಾಯ್ತಿ, ಅದಾದ್ರೂ ತಿಣುಕಲಿ" ಎಂದಳು ಇನ್ನೊಬ್ಬಳು.

ಆಗ ರೈಲು ಹೊರಟಿತು. ಕೊಂಡಿಗಳು ಒಮ್ಮೆ ಟಣ್ ಎಂದವು, ಅಷ್ಟರಲ್ಲಿ ನಮ್ಮ ಮುಂದಿನ ಚಕ್ರ ಉರುಳಿಯೇ ಆಗಿತ್ತು. ಮಗಳು ಅದನ್ನು ನೋಡಿದಳು. ನನ್ನ ಮೇಲೆ ಒರಗಿದಳು.

ಆಸ್ಪತ್ರೆಯ ಬಾಗಿಲಲ್ಲಿ, ರಿಕ್ಷಾದೊಳಗೇ ಮಗು ಬಂತು. ಮೈಯೆಲ್ಲ ನೀಲಿ, ಅಳಲಿಲ್ಲ. ನರ್ಸ್ ಎತ್ತಿಕೊಂಡು ಓಡಿದರು. ಗಾಜಿನ ಪೆಟ್ಟಿಗೆಯಲ್ಲಿ, ಕೊಳವೆಗಳ ನಡುವೆ ಮಲಗಿಸಿದರು. "ತುಂಬ ತಡ ಆಗಿದೆ, ಈಗಲೇ ಎಂತದೂ ಹೇಳ್ಲಿಕ್ಕಾಗುದಿಲ್ಲ" ಎಂದರು ಡಾಕ್ಟರಮ್ಮ. ಮಗಳು ನನಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಯಾಕೆ ತಡೆದೆ ಎಂದು ಆ ಚಕ್ರ ನೋಡಿ ಅವಳಿಗೆ ಗೊತ್ತಾಗಿತ್ತು, ನಿಜ. ಮಗುವಿನ ಬಣ್ಣವನ್ನೂ ನೋಡಿದ್ದಳು. ಯಾವುದನ್ನು ಮೊದಲು ಮರೆಯಬೇಕು ಎಂದು ಹೆತ್ತು ಮಲಗಿದವಳಿಗೆ ಯಾರು ಹೇಳಿಕೊಡುತ್ತಾರೆ?

ಮೂರನೆಯ ದಿನ ನರ್ಸ್ ನನ್ನನ್ನು ಗಾಜಿನ ಹತ್ತಿರ ಕರೆದರು. ಮಗು ಅಳುತ್ತಿತ್ತು. ನಾನು ವಾರ್ಡಿಗೆ ಓಡಿದೆ.

"ಅತ್ತಿತು!" ಎಂದೆ.

ಮಗಳು ತಿರುಗಿದಳು. "ಹೇಗೆ ಅತ್ತಿತು?"

ನಾನು ಮಂಚದ ಪಕ್ಕದಲ್ಲಿ ನಿಂತು, ಬೆಕ್ಕಿನ ಮರಿಯ ಹಾಗೆ ಅತ್ತು ತೋರಿಸಿದೆ. ವಾರ್ಡಿನ ಹೆಂಗಸರೆಲ್ಲ ಎದ್ದು ಕುಳಿತರು.

"ಇನ್ನೊಮ್ಮೆ" ಎಂದಳು ಮಗಳು.

ಇನ್ನೊಮ್ಮೆ ಅತ್ತೆ.