ಮೂರನೆಯ ದೇವೀರಿ

ದೆವ್ವ, ಭೂತ ಎಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ಹೆದರಿದವನಿಗೆ ಹಗ್ಗವೂ ಹಾವು ಎಂದು ಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನು. ಹಾಗಾಗಿ ಇದನ್ನು ಬರೆಯಲು ಸ್ವಲ್ಪ ನಾಚಿಕೆಯೇ ಆಗುತ್ತದೆ.

ಅದು ದೊರೆಗಳ ಕಾಲ. ಬಾಳೂರಿನ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ, ಹಾಜರಿ, ಲೆಕ್ಕ ಬರೆಯುವ ಗುಮಾಸ್ತ. ಆ ಗುಡ್ಡದಲ್ಲಿ ಮೊದಲು ಕಾಡು ಕಡಿಸಿ ಕಾಫಿ ಹಾಕಿಸಿದವರು ಅಮೆರಿಕದಿಂದ ಬಂದ ಒಬ್ಬ ದೊರೆ. ನನ್ನ ಕಾಲಕ್ಕೆ ಅವರ ಮೊಮ್ಮಗ ಯಜಮಾನರು. ಅಮೆರಿಕದ ನೆಂಟರಿಗೆ ಕಳಿಸಲೆಂದು ಅವರು ಮನೆತನದ ಚರಿತ್ರೆ ಬರೆದಿದ್ದರು. ನನ್ನ ಇಂಗ್ಲಿಷ್ ಅಕ್ಷರ ದುಂಡಗಿದ್ದುದೇ ತಪ್ಪಾಗಿ, ಅದರ ಶುದ್ಧಪ್ರತಿ ಮಾಡುವ ಕೆಲಸ ನನಗೆ ಬಿತ್ತು.

ತೋಟದಲ್ಲಿ ಮೂವರು ದೇವೀರಿಯರಿದ್ದರು. ಬೆಳಗಿನ ಹಾಜರಿಯಲ್ಲಿ ಒಂದೇ ಹೆಸರಿನವರು ಅಪ್ಪನ ಹೆಸರನ್ನೂ ಕೂಗಿ ಹೇಳಬೇಕು, ಅದು ಪದ್ಧತಿ. “ಬಂದಿದೀನಿ, ತಿಮ್ಮನ ಮಗಳು.” “ಬಂದಿದೀನಿ, ಬೈರನ ಮಗಳು.” ಮೂರನೆಯವಳು ಸಾಲಿನ ಕೊನೆಯಲ್ಲಿ ನಿಂತು “ಬಂದಿದೀನಿ” ಎನ್ನುವಳು, ಅಷ್ಟೆ. ಅರವತ್ತು ದಾಟಿದ ಮುದುಕಿ, ಬೆಕ್ಕಿನ ಕಣ್ಣು. ಹಣ್ಣು ಕೊಯ್ಯುವ ಹೆಂಗಸೊಬ್ಬಳಲ್ಲಿ ಕಾಫಿ ಹಾಕಿಸಿದ ಆ ಹಿರಿಯ ದೊರೆಗೆ ಹುಟ್ಟಿದವಳೆಂದು ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಪ್ರತಿ ಮಾಡುತ್ತಿದ್ದಾಗ ಅವಳು ಆಫೀಸಿನ ಮೆಟ್ಟಿಲ ಬಳಿ ಬಂದು ನಿಂತಳು.

“ರೈಟ್ರೇ, ನನ್ ಹೆಸ್ರೂ ಒಂದ್ ಮೂಲೇಲಿ ಬರೀರಿ. ನಂಗೆ ತೋಟ ಬ್ಯಾಡ, ಬಂಗ್ಲೆ ಬ್ಯಾಡ. ಸಾಯೋದ್ರೊಳ್ಗೆ ಒಂದ್ಸಲ ಅಪ್ಪನ್ ಹೆಸ್ರಿನ್ ಕೆಳ್ಗೆ ಇರ್ಬೇಕು, ಅಷ್ಟೇಯ.”

“ಆಯ್ತು ಹೋಗಜ್ಜಿ, ಬರೀತೀನಿ” ಎಂದೆ. ಬರೆಯಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ಹಿರಿಯ ದೊರೆಯ ಕುದುರೆಗಳ ಹೆಸರನ್ನು ಮಾತ್ರ ಒಂದೂ ಬಿಡದೆ ಬರೆದೆ. ಕಟ್ಟು ಟಪಾಲಿಗೆ ಹೋಯಿತು. “ಬರ್ದ್ರಾ?” ಎಂದು ಅವಳು ಕೇಳಿದಾಗ ಹೂಂ ಎಂದು ತಲೆಯಾಡಿಸಿದೆ. ಅವಳು ಎರಡೂ ಕೈ ಎತ್ತಿ ಮುಗಿದಳು. ಆ ವಾರವೇ ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡುವಾಗ ನಾನೂ ಇದ್ದೆ.

ಮರುದಿನ ಬೆಳಿಗ್ಗೆ ಹಾಜರಿ ಹಿಡಿಯುವ ಕಣದ ತುಂಬ ಮಂಜು. ನಾಲ್ಕು ಮಾರು ಆಚೆ ಮುಖ ಕಾಣದು. ಅವಳ ಹೆಸರು ಹೊಡೆದುಹಾಕಲು ನಾನು ಮರೆತಿದ್ದೆ. ವರ್ಷಗಳ ಅಭ್ಯಾಸ, ಮೂರನೆಯ ಸಲವೂ “ದೇವೀರಿ” ಎಂದು ಕೂಗಿಬಿಟ್ಟೆ. ನಾಲಗೆ ಕಚ್ಚಿಕೊಳ್ಳುವಷ್ಟರಲ್ಲಿ ಸಾಲಿನ ಕೊನೆಯಿಂದ ಅವಳದೇ ದನಿ ಬಂತು.

“ಬಂದಿದೀನಿ, ದೊರೆ ಮಗಳು.”

ಮೇಸ್ತ್ರಿಯ ಕೈಯ ಬೀಡಿ ಕೆಳಗೆ ಬಿತ್ತು. ತಿಮ್ಮನ ಮಗಳು ಅಳತೊಡಗಿದಳು. ಓಡಿಹೋಗಿ ನೋಡಿದೆ, ಅಲ್ಲಿ ಯಾರೂ ಇರಲಿಲ್ಲ. ಯಾರಾದರೂ ಅಣಕಿಸಿದರೇ ಎಂದು ದೇವರ ಆಣೆ ಹಾಕಿಸಿ ಕೇಳಿದೆ. ಎಲ್ಲರೂ ಇಲ್ಲವೆಂದರು. ಅದೇನೆಂದು ಇಂದಿಗೂ ನನಗೆ ಗೊತ್ತಿಲ್ಲ.

ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ, ಸಂತೋಷವಿತ್ತು. ನಾನು ಬರೆದೆನೆಂದೇ ಅವಳು ನಂಬಿದ್ದಳು.