ರಾಯರ ಒಂದೇ ಮ್ಯಾಚು
ಗಿಂಡಿ ಬಡಾವಣೆಯ ನಮ್ಮ ಆಫೀಸಿನಲ್ಲಿ ವೆಂಕೋಬರಾಯರ ಕೆಲಸವೆಂದರೆ, ಆಟಗಾರರ ಅಂಕಿಅಂಶ ಹುಡುಕುವುದು ಹೇಗೆಂದು ಎಐಗೆ ಸೂಚನೆ ಬರೆದುಕೊಡುವುದು. ಒಂದು ಅಲ್ಪವಿರಾಮಕ್ಕೆ ಅರ್ಧ ದಿನ ಯೋಚಿಸುತ್ತಾರೆ, ಯಂತ್ರಕ್ಕೂ ‘ದಯವಿಟ್ಟು’ ಎನ್ನುತ್ತಾರೆ. ಮೊಸರನ್ನದ ಡಬ್ಬಿ ತೆರೆದರೆ ಮಾತ್ರ, “ನಾನೂ ಸ್ಟೇಟಿಗೆ ವಾಲಿಬಾಲ್ ಆಡಿದೋನೇಪ್ಪಾ, ಒಂದೇ ಮ್ಯಾಚು,” ಎಂದು ದಿನಾ ಶುರು ಮಾಡುತ್ತಾರೆ. ಮೊನ್ನೆ ಊಟದ ಹೊತ್ತಿನಲ್ಲಿ ನಾನು ಎಲ್ಲರೆದುರು ಅವರ ಹೆಸರನ್ನೇ ಎಐಗೆ ಕೊಟ್ಟು ಕೇಳಿದೆ. “ಇವರು ಯಾವತ್ತೂ ಆಡಿಲ್ಲ,” ಎಂದಿತು. ಎಲ್ಲರೂ ನಕ್ಕೆವು. ರಾಯರೂ ನಕ್ಕು, ಅರ್ಧ ಉಂಡ ಡಬ್ಬಿ ಮುಚ್ಚಿದರು. ಇವತ್ತು ಅವರ ಹೊಸ ಸೂಚನೆ ಒಪ್ಪಿಗೆಗಾಗಿ ನನ್ನ ಬಳಿಗೇ ಬಂದಿದೆ: “ಹೆಸರು ಸಿಗದಿದ್ದರೆ ‘ದಾಖಲೆ ಇಲ್ಲ’ ಎನ್ನು, ‘ಆಡಿಲ್ಲ’ ಎನ್ನಬೇಡ. ದಯವಿಟ್ಟು. ಆ ಆಟಗಾರ ಅಲ್ಲೇ ಊಟಕ್ಕೆ ಕೂತಿರಬಹುದು.”