ರಾಗಿ ಹೊತ್ತ ಅಪವಾದ

ಕೊಡಿಗೇನಹಳ್ಳಿ ಬಸ್ ಸ್ಟಾಪಿನ ಎದುರು ಮುದ್ದೆ ಹೋಟೆಲು ನಡೆಸುವ ಚಿಕ್ಕಹನುಮಕ್ಕನ ಬಾಯಿಗೆ ಹೆದರದವರಿಲ್ಲ. ಹಂಡೆಗಟ್ಟಲೆ ಹಿಟ್ಟು ತೊಳಸುವ ಕೋಲನ್ನು ಆಕೆ ಗಂಡನ ಕೈಗೂ ಕೊಟ್ಟವಳಲ್ಲ. ಅಂಥವಳು ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದಳು. ಮುಖ ಸುಣ್ಣದ ಹಾಗೆ ಬಿಳಿಚಿತು. ಮಧುಗಿರಿಯಲ್ಲಿ ರಕ್ತ ಹಾಕಿಸಿದರು. ಸ್ವಲ್ಪ ದಿನ ಚೆನ್ನಾಗಿದ್ದಳು, ರಕ್ತ ಮತ್ತೆ ಇಳಿಯಿತು. "ಮಲ ಕಪ್ಪಗೆ ಹೋಗುತ್ತಾ?" ಎಂದು ಕೇಳಿದ ಡಾಕ್ಟರುಗಳಿಗೆಲ್ಲ ಅವಳದು ಒಂದೇ ಉತ್ತರ: "ಮೂರೊತ್ತೂ ರಾಗಿ ಉಣ್ಣೋರಿಗೆ ಕಪ್ಪಗಲ್ದೆ ಬೆಳ್ಳಗೆ ಹೋಗ್ತದಾ?" ಕೇಳಿದವರೂ ನಕ್ಕು ಸುಮ್ಮನಾದರು. ಅವರೂ ಮುದ್ದೆ ಉಂಡವರೇ ತಾನೆ!

ತುಮಕೂರಿನ ಡಾಕ್ಟರ್ ಲೋಹಿತಾ ಮಾತ್ರ ನಗಲಿಲ್ಲ. "ಒಂದು ವಾರ ರಾಗಿ ಮುಟ್ಟಬೇಡಿ, ಅನ್ನ ಉಣ್ಣಿ. ಆಮೇಲೆ ನೋಡೋಣ" ಎಂದರು. ಗೊಣಗುತ್ತಲೇ ಉಂಡಳು. ವಾರ ಕಳೆದರೂ ಮಲ ಡಾಂಬರಿನಂತೆ ಕಪ್ಪು, ಅಂಟು. ಪಾಪದ ರಾಗಿ, ಇಷ್ಟು ದಿನ ಸುಮ್ಮನೆ ಅಪವಾದ ಹೊತ್ತಿತ್ತು. ಆ ಕಪ್ಪು, ಒಳಗೆಲ್ಲೋ ಸೋರುತ್ತಿದ್ದ ರಕ್ತದ್ದು.

ಎಲ್ಲಿ? ಬಾಯಿಂದ ನಳಿಗೆ ಇಳಿಸಿ ಜಠರ ನೋಡಿದರು, ಕೆಳಗಿನಿಂದ ದೊಡ್ಡ ಕರುಳು ನೋಡಿದರು. ಏನೂ ಇಲ್ಲ. "ಏನೂ ಇಲ್ಲ ಅಂದ್ಮೇಲೆ ರಕ್ತ ಯಾವ ದೆವ್ವ ಕುಡೀತೈತೆ?" ಎಂದು ಗಂಡ ಸಣ್ಣರಂಗಯ್ಯ ರೇಗಿದ. ನಡುವಿನ ಸಣ್ಣ ಕರುಳಿಗೆ ಈ ನಳಿಗೆಗಳು ಮುಟ್ಟುವುದಿಲ್ಲ ಎಂದ ಲೋಹಿತಾ, ಬೆಂಗಳೂರಿಗೆ ಕಳಿಸಿ ಕ್ಯಾಮೆರಾ ಇರುವ ಗುಳಿಗೆ ನುಂಗಿಸಿದರು. ಅಗಿಯಬೇಡಿ ಎಂದ ಅಲ್ಲಿಯ ನರ್ಸಿಗೆ, "ಮುದ್ದೆ ನುಂಗೋ ಗಂಟ್ಲು ಕಣಮ್ಮ, ನಂಗೇ ಹೇಳ್ಕೊಡ್ತೀಯಾ?" ಎಂದಳು.

ಚಿತ್ರಗಳಲ್ಲಿ ಸಣ್ಣ ಕರುಳಿನ ಉದ್ದಕ್ಕೂ ಹುಣ್ಣು. "ಇಂಥ ಹುಣ್ಣು ನೋವಿನ ಮಾತ್ರೆಯಿಂದ ಬರೋದು. ನೀವು ತಗೊಳ್ಳಲ್ಲ ಅಂದಿದ್ರಲ್ಲ?" ಎಂದು ಲೋಹಿತಾ ಕೇಳಿದರು. ಅವಳು ಸುಳ್ಳಾಡಿರಲಿಲ್ಲ. ಮಂಡಿನೋವಿಗೆಂದು ವರ್ಷಗಳಿಂದ ಬೆಳಗಿನ ಟೀ ಜೊತೆ ನುಂಗುತ್ತಿದ್ದ ಮಾತ್ರೆ ಅವಳ ಪಾಲಿಗೆ ಔಷಧಿಯೇ ಅಲ್ಲ, ಎಲೆಅಡಿಕೆಯ ಹಾಗೆ ಅದೊಂದು ಅಭ್ಯಾಸ.

"ಅದನ್ನ ಬಿಟ್ರೆ ಹುಣ್ಣು ಮಾಯುತ್ತೆ. ಬಿಡದಿದ್ರೆ ಜೀವಕ್ಕೇ ಸಂಚಕಾರ."

"ಬುಟ್ರೆ ನಿಂತ್ಕೊಂಡು ಹಿಟ್ಟು ತೊಳಸೋಕಾಗಲ್ಲ ಡಾಕ್ಟ್ರಮ್ಮ," ಎಂದವಳು ಆಸ್ಪತ್ರೆಯಲ್ಲಿ ಅಷ್ಟು ಜನರೆದುರು ಅತ್ತೇಬಿಟ್ಟಳು. ಕಾಯಿಲೆಗೆ ಅಳದವಳು ಕೋಲಿಗೆ ಅತ್ತಳು.

ಈಗ ಹಿಟ್ಟು ತೊಳಸುವುದು ಸಣ್ಣರಂಗಯ್ಯ. ಅವಳ ಮುಖಕ್ಕೆ ಕಳೆ ಬಂದಿದೆ, ಮಂಡಿನೋವು ಹಾಗೇ ಇದೆ. ಮೊನ್ನೆ ಗಂಡ ಬಡಿಸಿದ ಮುದ್ದೆ ಮುರಿದರೆ ಒಳಗೆ ಹಸಿಹಿಟ್ಟಿನ ಗಂಟು. ಬೈಯಲು ಬಾಯಿ ತೆರೆದವಳು, ಬೆವರಿಳಿಯುತ್ತಿದ್ದ ಅವನ ಮುಖ ನೋಡಿ, "ಚೆಂದಾಗೈತೆ ಬುಡು," ಎಂದು ಗಂಟನ್ನೂ ನುಂಗಿದಳು.